ಕರಡಿ ದ್ವೀಪದ ಬಾಣಗಳು

ಹೈಸ್ಕೂಲಿನ ವಿಜ್ಞಾನದ ಪುಸ್ತಕಗಳಲ್ಲಿ ಒಂದು ಚಿತ್ರವಿರುತ್ತದೆ. ಹುಲ್ಲು, ಹುಲ್ಲಿನಿಂದ ಮಿಡತೆಯ ಕಡೆಗೆ ಒಂದು ಬಾಣ, ಮಿಡತೆಯಿಂದ ಕಪ್ಪೆಗೆ ಇನ್ನೊಂದು, ಕಪ್ಪೆಯಿಂದ ಹಾವಿಗೆ, ಹಾವಿನಿಂದ ಹದ್ದಿಗೆ ಮತ್ತೆರಡು. ಅಡಿಯಲ್ಲಿ ‘ಆಹಾರ ಸರಪಳಿ’ ಎಂದು ಬರೆದಿರುತ್ತದೆ. ಪರೀಕ್ಷೆಗೆ ಬರುವ ಪ್ರಶ್ನೆಯಾದ್ದರಿಂದ ಮಕ್ಕಳು ಇದನ್ನು ಉರುಹೊಡೆದು ಬರೆಯುತ್ತಾರೆ. ಬರೆದ ಮೇಲೆ ಮರೆಯುತ್ತಾರೆ. ಕನ್ನಡ ಪಾಠ ಹೇಳುವ ನನಗೆ ಮಾತುಗಳ ಮೂಲ ಹುಡುಕುವ ಚಟವೊಂದಿದೆ. ‘ಸರಪಳಿ’ ಎಂಬ ಈ ಮಾತೂ ಈ ಬಾಣಗಳೂ ನಮ್ಮ ಪಠ್ಯಪುಸ್ತಕಕ್ಕೆ ಎಲ್ಲಿಂದ ಬಂದವೆಂದು ಕೆದಕುತ್ತ ಹೋದಾಗ, ದಾರಿ ನನ್ನನ್ನು ಕರೆದೊಯ್ದದ್ದು ಮಿಡತೆಯೂ ಕಪ್ಪೆಯೂ ಹಾವೂ ಇಲ್ಲದ ಒಂದು ಜಾಗಕ್ಕೆ.

ಅದು ಉತ್ತರ ಸಮುದ್ರಗಳ ನಡುವೆ, ಎಪ್ಪತ್ತನಾಲ್ಕೂವರೆ ಡಿಗ್ರಿ ಅಕ್ಷಾಂಶದಲ್ಲಿ, ನಾರ್ವೆ ದೇಶದ ತುದಿಗೂ ಸ್ಪಿಟ್ಸ್‌ಬರ್ಗೆನ್ ದ್ವೀಪಕ್ಕೂ ನಡುವೆ ಒಂಟಿಯಾಗಿ ನಿಂತಿರುವ ಒಂದು ಪುಟ್ಟ ನೆಲ. ವಿಸ್ತೀರ್ಣ ಸುಮಾರು ೧೭೮ ಚದರ ಕಿಲೋಮೀಟರು. ನಾರ್ವೆಯವರು ಇದನ್ನು ಬ್ಯೋರ್ನೋಯಾ ಎನ್ನುತ್ತಾರೆ. ಬ್ಯೋರ್ನ್ ಎಂದರೆ ಕರಡಿ, ಓಯಾ ಎಂದರೆ ದ್ವೀಪ. ಹೆಸರಿಟ್ಟವರು ಮಾತ್ರ ಡಚ್ಚರು. ವಿಲ್ಲೆಮ್ ಬಾರೆಂಟ್ಸ್ ಎಂಬ ನಾವಿಕನ ತಂಡ ೧೫೯೬ರ ಜೂನ್ ತಿಂಗಳಲ್ಲಿ, ಚೀನಾಕ್ಕೆ ಉತ್ತರದ ಕಡಲಿನಿಂದ ದಾರಿ ಹುಡುಕುತ್ತ ಹೊರಟಾಗ, ಈ ದ್ವೀಪವನ್ನು ಕಂಡಿತು. ನೀರಿನಲ್ಲಿ ಈಜುತ್ತಿದ್ದ ಒಂದು ಬಿಳಿಯ ಕರಡಿಯನ್ನು ದೋಣಿಗಳಲ್ಲಿ ಅಟ್ಟಿಸಿಕೊಂಡು ಹೋಗಿ ಎರಡು ಗಂಟೆಯ ಕಾಲ ಕಾದಾಡಿ ಕೊಂದರು. ಅದರ ನೆನಪಿಗೆ ಕರಡಿ ದ್ವೀಪ. ಚೀನಾದ ದಾರಿ ಸಿಗಲಿಲ್ಲ. ಮರುವರ್ಷ ಜೂನ್‌ನಲ್ಲಿ, ಹಿಮದಲ್ಲಿ ಚಳಿಗಾಲ ಕಳೆದು ಹಿಂದಿರುಗುವ ಹಾದಿಯಲ್ಲಿ, ಬಾರೆಂಟ್ಸ್ ತೀರಿಕೊಂಡ. ಅವನ ಹಿಂದೆ ಬಂದ ಇಂಗ್ಲಿಷ್ ಹಡಗಿನವರಿಗೆ ದಾರಿಯ ಹಂಗಿರಲಿಲ್ಲ. ಅವರು ಬಂದದ್ದು ವಾಲ್ರಸ್ಸುಗಳ ದಂತಕ್ಕೆ, ಕೊಬ್ಬಿಗೆ. ಹದಿನೇಳನೆಯ ಶತಮಾನದ ಮೊದಲ ವರ್ಷಗಳಲ್ಲಿ ದಡದಲ್ಲಿ ಮಲಗಿದ್ದ ಈ ಪ್ರಾಣಿಗಳನ್ನು ಒಂದೊಂದು ಬೇಟೆಯಲ್ಲಿ ನೂರುಗಟ್ಟಲೆ ಕೊಂದರು. ದ್ವೀಪದ ಇತಿಹಾಸ ಹೀಗೆ ಒಂದು ಕರಡಿಯ ಚರ್ಮದಿಂದಲೂ ಎಣಿಕೆಯಿಲ್ಲದ ವಾಲ್ರಸ್ ದಂತಗಳಿಂದಲೂ ಪ್ರಾರಂಭವಾಗುತ್ತದೆ.

ವಿಜ್ಞಾನಿಗಳ ಕಣ್ಣು ಇದರ ಮೇಲೆ ಬೀಳಲು ಇನ್ನೂ ಇನ್ನೂರು ವರ್ಷ ಬೇಕಾಯಿತು. ಮೊದಲು ಬಂದವರು ಕಲ್ಲು ನೋಡುವವರು. ನಾರ್ವೆಯ ಭೂಗರ್ಭಶಾಸ್ತ್ರಜ್ಞ ಕೈಲ್‌ಹಾವ್ ೧೮೨೭ರಲ್ಲಿ ಇಲ್ಲಿಗೆ ಬಂದರು. ೧೮೯೯ರಲ್ಲಿ ಸ್ವೀಡನ್ನಿನ ಯೋಹಾನ್ ಗುನ್ನಾರ್ ಆಂಡರ್ಸನ್ ಬಂದು ದ್ವೀಪದ ಪದರಗಳನ್ನು ಒಂದೊಂದಾಗಿ ಬಿಡಿಸಿ ಓದಿದರು. ದ್ವೀಪ ಎರಡು ಮುಖದ ನೆಲ. ದಕ್ಷಿಣದಲ್ಲಿ ಪುರಾತನವಾದ ಗಟ್ಟಿ ಕಲ್ಲು, ಸುಣ್ಣಕಲ್ಲುಗಳ ಪದರಗಳು ಕಡಲಿಗೆ ಕಡಿದುಬಿದ್ದಂತೆ ನಿಂತಿವೆ. ಕೆಲವೆಡೆ ಬಂಡೆಯ ಗೋಡೆ ನಾನೂರು ಮೀಟರು ಎತ್ತರ. ಉತ್ತರದಲ್ಲಿ ಮರಳುಗಲ್ಲು ಸುಣ್ಣಕಲ್ಲುಗಳ ತಗ್ಗಾದ ಬಯಲು, ಅದರ ಮೇಲೆ ಚೆಲ್ಲಾಡಿದ ಹಾಗೆ ನೂರಾರು ಕೆರೆಗಳು, ಬಹುಪಾಲು ಮೊಣಕಾಲು ಸೊಂಟದ ಆಳದವು. ಮರಳುಗಲ್ಲಿನ ನಡುವೆ ಕಲ್ಲಿದ್ದಲಿನ ಪದರವಿದೆ. ಎಂದರೆ, ಮರವೆಂಬ ಹೆಸರಿಗೂ ಒಂದು ಗಿಡವಿಲ್ಲದ ಈ ನೆಲದಲ್ಲಿ ಕೋಟ್ಯಂತರ ವರ್ಷಗಳ ಹಿಂದೆ ದಟ್ಟವಾದ ಕಾಡಿತ್ತು. ಆ ಕಲ್ಲಿದ್ದಲನ್ನು ತೆಗೆಯಲು ೧೯೧೬ರಲ್ಲಿ ಟುನ್‌ಹೈಮ್ ಎಂಬಲ್ಲಿ ಗಣಿ ತೋಡಿದರು. ಲಾಭ ಹುಟ್ಟದೆ ೧೯೨೫ರಲ್ಲಿ ಮುಚ್ಚಿದರು.

ಆಂಡರ್ಸನ್ನರ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಇಲ್ಲಿ ಅವರು ಒಂದು ವಿಚಿತ್ರವನ್ನು ಕಂಡರು. ಬೇಸಗೆಯಲ್ಲಿ ಮೇಲಿನ ಮಣ್ಣು ಕರಗಿ ನೆನೆಯುತ್ತದೆ, ಒಳಗಿನ ಮಣ್ಣು ಕಲ್ಲಿನಂತೆ ಹೆಪ್ಪುಗಟ್ಟಿಯೇ ಇರುತ್ತದೆ. ನೀರು ಇಂಗಲು ದಾರಿಯಿಲ್ಲದೆ ಮೇಲಿನ ಮಣ್ಣು ಅಂಬಲಿಯಾಗಿ, ಇಳಿಜಾರಿನಲ್ಲಿ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಹರಿಯುತ್ತದೆ. ಮುಂದೆ ಭೂಮಿಯ ದಕ್ಷಿಣದ ತುದಿಯ ಫಾಕ್‌ಲೆಂಡ್ ದ್ವೀಪಗಳಲ್ಲಿಯೂ ಇಂಥದೇ ಹರಿವಿನ ಹಳೆಯ ಗುರುತನ್ನು ನೋಡಿ, ೧೯೦೬ರಲ್ಲಿ ಈ ಮಣ್ಣಿನ ಹರಿವಿಗೆ ‘ಸಾಲಿಫ್ಲಕ್ಷನ್’ ಎಂದು ಹೆಸರಿಟ್ಟರು. ಭೂಗರ್ಭಶಾಸ್ತ್ರದವರು ಇಂದಿಗೂ ಆ ಹೆಸರನ್ನೇ ಬಳಸುತ್ತಾರೆ. ಇದೇ ಆಂಡರ್ಸನ್ ಆಮೇಲೆ ಚೀನಾಕ್ಕೆ ಹೋಗಿ, ಪೀಕಿಂಗ್ ಮಾನವನ ಎಲುಬುಗಳು ದೊರೆತ ಗುಹೆಯ ಜಾಡು ಹಿಡಿದವರಲ್ಲಿ ಒಬ್ಬರಾದರು. ಬಾರೆಂಟ್ಸ್‌ಗೆ ಸಿಗದ ಚೀನಾ ಕರಡಿ ದ್ವೀಪದ ಇನ್ನೊಬ್ಬ ಯಾತ್ರಿಕನಿಗೆ ಸಿಕ್ಕಿತೆಂದು ಬೇಕಾದರೆ ಹೇಳಬಹುದು.

ಬಾಣಗಳ ಕಥೆಗೆ ಬರೋಣ. ೧೯೨೧ರ ಬೇಸಗೆಯಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಿಂದ ಒಂದು ತಂಡ, ನಾರ್ವೆಯ ಟ್ರೊಮ್ಸೊ ಬಂದರಿನಿಂದ ‘ಟೆರ್ನಿಂಗೆನ್’ ಎಂಬ ಸೀಲ್ ಬೇಟೆಯ ಹಡಗನ್ನೇರಿ, ಕರಡಿ ದ್ವೀಪಕ್ಕೂ ಸ್ಪಿಟ್ಸ್‌ಬರ್ಗೆನ್‌ಗೂ ಹೊರಟಿತು. ವಿಚಿತ್ರವಾದ ಸಂತೆ ಅದು. ಮುಖಂಡರು ಜೋರ್ಡೇನ್ ಎಂಬ ಪಾದ್ರಿಗಳು. ಹಕ್ಕಿಯ ಮೊಟ್ಟೆಗಳ ವಿಷಯದಲ್ಲಿ ಮಹಾಪಂಡಿತರು, ಜಗಳಗಂಟರೆಂದೂ ಹೆಸರಾದವರು. ಜೂಲಿಯನ್ ಹಕ್ಸ್‌ಲಿ ಇದ್ದರು. ಮುಂದೆ ೧೯೪೬ರಲ್ಲಿ ಯುನೆಸ್ಕೊ ಸಂಸ್ಥೆಯ ಮೊದಲ ಮಹಾನಿರ್ದೇಶಕರಾದವರು. ಅವರು ಕೆರೆಗಳ ಅಂಚಿನಲ್ಲಿ ಕುಳಿತು ಕೆಂಪುಕೊರಳಿನ ‘ಡೈವರ್’ ಹಕ್ಕಿಯ ಪ್ರಣಯವನ್ನು ಬರೆದುಕೊಂಡರು. ಭೂಗರ್ಭಶಾಸ್ತ್ರದ ನೋಯೆಲ್ ಓಡೆಲ್ ಸ್ಪಿಟ್ಸ್‌ಬರ್ಗೆನ್ನಿನ ಒಳನಾಡಿನ ಹಿಮದ ಮೇಲೆ ಸ್ಲೆಡ್ಜ್ ಎಳೆದುಕೊಂಡು ಹೋದರು. ಮೂರು ವರ್ಷದ ಮೇಲೆ ಎವರೆಸ್ಟಿನಲ್ಲಿ ಮ್ಯಾಲೊರಿ ಮತ್ತು ಇರ್ವಿನ್ ಮೋಡದೊಳಗೆ ಮರೆಯಾದುದನ್ನು ಕಡೆಯದಾಗಿ ಕಂಡವರು ಇದೇ ಓಡೆಲ್. ೧೯೩೬ರಲ್ಲಿ ನಮ್ಮ ನಂದಾದೇವಿಯ ಶಿಖರವನ್ನು ಮೊದಲು ಮೆಟ್ಟಿದ ಇಬ್ಬರಲ್ಲಿ ಒಬ್ಬರು. ವೈದ್ಯರಾಗಿ ಬಂದಿದ್ದ ಟಾಮ್ ಲಾಂಗ್‌ಸ್ಟಾಫ್ ೧೯೦೭ರಲ್ಲೇ ತ್ರಿಶೂಲ ಪರ್ವತವನ್ನು ಹತ್ತಿದ್ದವರು.

ಇಂಥ ಗಟ್ಟಿಗರ ನಡುವೆ ಚಾರ್ಲ್ಸ್ ಎಲ್ಟನ್ ಎಂಬ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿ ಇದ್ದರು. ಇನ್ನೂ ಪದವಿಯಾಗಿರಲಿಲ್ಲ. ಹಕ್ಸ್‌ಲಿಯವರ ಶಿಷ್ಯರೆಂದು ಸೇರಿಸಿಕೊಂಡಿದ್ದರು. ಜೊತೆಗೆ ವಿಕ್ಟರ್ ಸಮ್ಮರ್‌ಹೇಸ್ ಎಂಬ ಸಸ್ಯಶಾಸ್ತ್ರಜ್ಞರು. ಒಬ್ಬರು ಗಿಡ ನೋಡುವುದು, ಇನ್ನೊಬ್ಬರು ಹುಳುಹುಪ್ಪಟೆ ನೋಡುವುದು. ಯಾವುದು ಯಾವುದನ್ನು ತಿನ್ನುತ್ತದೆ ಎಂದು ಇಬ್ಬರೂ ಕೂಡಿ ಬರೆದುಕೊಳ್ಳುವುದು. ಕೆಲಸವೆಂದರೆ ಇಷ್ಟೇ. ಆದರೆ ಇದನ್ನು ಒಂದು ಕಾಡಿನಲ್ಲಿ ಮಾಡಹೊರಟಿದ್ದರೆ ಜನ್ಮ ಸಾಲುತ್ತಿರಲಿಲ್ಲ. ನಮ್ಮ ಪಶ್ಚಿಮ ಘಟ್ಟದ ಒಂದು ಕೊಳೆತ ಮರದ ದಿಮ್ಮಿಯಲ್ಲಿರುವ ಜೀವಿಗಳ ಲೆಕ್ಕ ಮುಗಿಸುವುದೇ ಕಷ್ಟ. ಕರಡಿ ದ್ವೀಪದಲ್ಲಿ ಜೀವಜಾತಿಗಳೇ ಕಡಮೆ. ಬಡವನ ಮನೆಯ ಆಯವ್ಯಯದ ಹಾಗೆ, ಎಲ್ಲವೂ ಒಂದು ಹಾಳೆಯಲ್ಲಿ ಹಿಡಿಸುತ್ತದೆ. ಆ ಬಡತನವೇ ಎಲ್ಟನ್ನರಿಗೆ ಭಾಗ್ಯವಾಯಿತು.

ಆ ಹಾಳೆಯನ್ನು ಅವರಿಬ್ಬರೂ ೧೯೨೩ರಲ್ಲಿ ಇಂಗ್ಲೆಂಡಿನ ಒಂದು ಪರಿಸರ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದರು. ಪ್ರಬಂಧದೊಳಗೆ ಒಂದು ಚಿತ್ರ. ಚಿತ್ರದ ತುಂಬ ಚೌಕಗಳು, ಬಾಣಗಳು. ಹಾವಸೆ, ಕಲ್ಲುಹೂವು, ಗಿಡಗಳು, ಅವನ್ನು ತಿನ್ನುವ ಹುಳುಗಳು, ಹುಳುಗಳನ್ನು ಹಿಡಿಯುವ ಜೇಡ, ಜೇಡವನ್ನು ಹೆಕ್ಕುವ ಪುಟ್ಟ ಹಕ್ಕಿ, ಹಕ್ಕಿಯನ್ನು ಹಿಡಿಯುವ ಹಿಮನರಿ. ನರಿಗೆ ಚಳಿಗಾಲದಲ್ಲಿ ಹಕ್ಕಿಗಳಿಲ್ಲ. ಆಗ ಅದು ಬಿಳಿಯ ಕರಡಿಯ ಹಿಂದೆ ಅಲೆದು, ಕರಡಿ ತಿಂದುಳಿದ ಸೀಲ್ ಮಾಂಸವನ್ನೂ ಕರಡಿಯ ಲದ್ದಿಯನ್ನೂ ತಿಂದು ಬದುಕುತ್ತದೆ. ಅದಕ್ಕೂ ಒಂದು ಬಾಣ. ಸಭ್ಯತೆಯ ದೃಷ್ಟಿಯಿಂದ ಯಾವುದನ್ನೂ ಬಿಟ್ಟಿಲ್ಲ.

ಇಂಥ ಚಿತ್ರ ಅದಕ್ಕೆ ಮೊದಲು ಇರಲೇ ಇಲ್ಲವೆಂದಲ್ಲ. ಅಮೆರಿಕದ ಷೆಲ್‌ಫರ್ಡ್ ೧೯೧೩ರಲ್ಲಿಯೇ ಬಾಣಗಳನ್ನು ಎಳೆದಿದ್ದರು. ಕರಡಿ ದ್ವೀಪದ ಚಿತ್ರದ ಹೆಚ್ಚುಗಾರಿಕೆ ಬೇರೆ. ಅದರ ಹೆಸರೇ ಸಾರಜನಕದ ಚಕ್ರ. ದ್ವೀಪದ ಮಣ್ಣು ಬರಡು, ಚಳಿಯಲ್ಲಿ ಸೂಕ್ಷ್ಮಜೀವಿಗಳ ಕೆಲಸ ಮಂದ. ಗಿಡಗಳಿಗೆ ಬೇಕಾದ ಸಾರಜನಕ ಬರುವುದೆಲ್ಲಿಂದ? ಕಡಲಿನಿಂದ. ತರುವವರು ಯಾರು? ಹಕ್ಕಿಗಳು. ದಕ್ಷಿಣದ ಸುಣ್ಣಕಲ್ಲಿನ ಗೋಡೆಗಳ ಪದರಪದರಗಳಲ್ಲಿ ಗಿಲ್ಲಿಮಾಟ್, ಕಿಟಿವೇಕ್ ಮೊದಲಾದ ಕಡಲಹಕ್ಕಿಗಳು ಲಕ್ಷಗಟ್ಟಲೆ ಗೂಡುಮಾಡುತ್ತವೆ. ಕಲ್ಲಿನ ಪದರಗಳು ಹಾಗೆ ಒಡೆದು ಅಟ್ಟಣೆಗಳಾಗಿರದಿದ್ದರೆ ಅವಕ್ಕೆ ಮೊಟ್ಟೆಯಿಡಲು ಜಾಗವಿಲ್ಲ. ಕಡಲಿನಲ್ಲಿ ಮೀನು ತಿಂದು ನೆಲದ ಮೇಲೆ ಹಿಕ್ಕೆ ಹಾಕುತ್ತವೆ. ಆ ಹಿಕ್ಕೆಯೇ ಗೊಬ್ಬರ. ಬಂಡೆಯ ಬುಡ ಹಚ್ಚಗೆ, ಉತ್ತರದ ಬಯಲು ಬೋಳು. ಮದ್ದೂರಿನ ಬಳಿ ಕೊಕ್ಕರೆಬೆಳ್ಳೂರಿನ ರೈತರು ಮರದಡಿ ಬಿದ್ದ ಹಿಕ್ಕೆಯನ್ನು ಗದ್ದೆಗೆ ಸಾಗಿಸುವುದನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು. ಆದರೆ ನೆಲದ ಜೀವ ಕಡಲಿನ ಸಾಲದಿಂದ ನಡೆಯುತ್ತಿದೆ ಎಂಬುದನ್ನು ಒಂದು ಇಡೀ ದ್ವೀಪಕ್ಕೆ ಲೆಕ್ಕವಾಗಿ ಬರೆದು ತೋರಿಸಿದ್ದು ಈ ಚಿತ್ರ.

ಎಲ್ಟನ್ ೧೯೨೩ರಲ್ಲೂ ೧೯೨೪ರಲ್ಲೂ ಮತ್ತೆ ಉತ್ತರಕ್ಕೆ ಹೋದರು. ೧೯೨೩ರಲ್ಲಿ ಹಿಂದಿರುಗುವಾಗ ಟ್ರೊಮ್ಸೊದ ಪುಸ್ತಕದಂಗಡಿಯಲ್ಲಿ, ನಾರ್ವೆಯ ಸಸ್ತನಿಗಳ ಮೇಲೆ ಕೊಲ್ಲೆಟ್ ಬರೆದ ಪುಸ್ತಕವನ್ನು, ಕೈಯಲ್ಲಿ ಉಳಿದಿದ್ದ ಅಷ್ಟಿಷ್ಟು ಹಣದಲ್ಲಿ ಕೊಂಡರು. ಭಾಷೆ ಬಾರದು, ನಿಘಂಟು ಹಿಡಿದು ಓದಿದರು. ಲೆಮ್ಮಿಂಗ್ ಎಂಬ ಇಲಿಗಳು ಕೆಲವು ವರ್ಷಗಳಿಗೊಮ್ಮೆ ಹೆಚ್ಚಿ ಮತ್ತೆ ಕುಸಿಯುವ ಲೆಕ್ಕ ಅದರಲ್ಲಿತ್ತು. ಪ್ರಾಣಿಗಳ ಸಂಖ್ಯೆಯ ಏರಿಳಿತವನ್ನು ಅಭ್ಯಾಸ ಮಾಡುವ ದಾರಿ ಅವರಿಗೆ ಅಲ್ಲಿಂದ ತೆರೆಯಿತು. ೧೯೨೭ರಲ್ಲಿ, ಹಕ್ಸ್‌ಲಿಯವರ ಒತ್ತಾಯದಿಂದ ಬರೆದ ಅವರ ಚಿಕ್ಕ ಪುಸ್ತಕ ಪ್ರಾಣಿ ಪರಿಸರದ ಮೇಲೆ ಹೊರಬಂತು. ‘ಆಹಾರ ಸರಪಳಿ’ ಎಂಬ ಮಾತು ಲೋಕದ ಬಾಯಿಗೆ ಬಂದದ್ದು ಆ ಪುಸ್ತಕದಿಂದ. ಎಲ್ಲ ಸರಪಳಿಗಳೂ ಕೂಡಿದ ಒಟ್ಟಿಗೆ ಅವರು ಇಟ್ಟ ಹೆಸರು ‘ಆಹಾರ ಚಕ್ರ’. ‘ಜಾಲ’ ಎಂಬುದು ಆಮೇಲೆ ನಿಂತ ಹೆಸರು. ಅಧ್ಯಾಯಗಳ ತಲೆಯ ಮೇಲೆ ಅವರು ಚೀನಾದ ಗಾದೆಗಳನ್ನು ಇಟ್ಟಿದ್ದಾರೆ. ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವ ಗಾದೆಯೂ ಅಲ್ಲಿದೆ. ನಮ್ಮ ಮತ್ಸ್ಯನ್ಯಾಯದ ಪರಿಚಯ ಅವರಿಗಿದ್ದಿದ್ದರೆ ಅದನ್ನೂ ಇಡುತ್ತಿದ್ದರೇನೋ. ಆದರೆ ನಮ್ಮ ಶಾಸ್ತ್ರಕಾರರು ಮತ್ಸ್ಯನ್ಯಾಯವನ್ನು ಕಂಡದ್ದು ಅರಸನಿಲ್ಲದ ರಾಜ್ಯದ ದುರವಸ್ಥೆಯಾಗಿ. ಎಲ್ಟನ್ ಕಂಡದ್ದು ಅದರಲ್ಲಿ ಇರುವ ವ್ಯವಸ್ಥೆಯನ್ನು. ತಿನ್ನಿಸಿಕೊಳ್ಳುವವು ಬಹಳ, ತಿನ್ನುವವು ಕೆಲವು, ಅವನ್ನು ತಿನ್ನುವವು ಇನ್ನೂ ಕೆಲವು. ಮೇಲೆ ಹೋದಂತೆ ಕಿರಿದಾಗುವ ಗೋಪುರ. ಸರಪಳಿಯ ಕೊಂಡಿಗಳೂ ಸಾಮಾನ್ಯವಾಗಿ ನಾಲ್ಕೈದಕ್ಕಿಂತ ಹೆಚ್ಚಿರುವುದಿಲ್ಲ.

ಇಲ್ಲಿಗೆ ಕಥೆ ಮುಗಿದಿದ್ದರೆ ಅದು ವಿಜ್ಞಾನದ ಇತಿಹಾಸದಲ್ಲಿ ಒಂದು ಸೊಗಸಾದ ಅಧ್ಯಾಯ ಅಷ್ಟೆ ಆಗುತ್ತಿತ್ತು.

ಆ ಪುಸ್ತಕ ಬಂದ ಎರಡು ವರ್ಷಕ್ಕೆ, ೧೯೨೯ರಲ್ಲಿ, ಅಮೆರಿಕದ ಕಾರ್ಖಾನೆಯಲ್ಲಿ ಒಂದು ಎಣ್ಣೆಯಂಥ ಪದಾರ್ಥವನ್ನು ವ್ಯಾಪಾರಕ್ಕಾಗಿ ತಯಾರಿಸತೊಡಗಿದರು. ಉದ್ದನೆಯ ಹೆಸರನ್ನು ಮೊಟಕುಮಾಡಿ ಅದನ್ನು ಪಿ.ಸಿ.ಬಿ. ಎನ್ನುತ್ತಾರೆ. ಸುಲಭವಾಗಿ ಬೆಂಕಿ ಹತ್ತುವುದಿಲ್ಲ, ಕೆಡುವುದಿಲ್ಲ, ವಿದ್ಯುತ್ತು ಹರಿಯಲು ಬಿಡುವುದಿಲ್ಲ. ಟ್ರಾನ್ಸ್‌ಫಾರ್ಮರಿಗೆ ಇದಕ್ಕಿಂತ ಒಳ್ಳೆಯ ಎಣ್ಣೆ ಬೇಕೆ? ಬಣ್ಣಗಳಿಗೂ ಬೆರೆಸಿದರು. ಕೆಡುವುದಿಲ್ಲ ಎಂಬ ಗುಣವೇ ದೋಷವಾಯಿತು. ಹಾಳೂರಿಗೆ ಹೋದರೂ ಅದು ಹಾಳಾಗದು. ನೀರಿನಲ್ಲಿ ಹೆಚ್ಚು ಕರಗದು, ಕೊಬ್ಬಿನಲ್ಲಿ ಕರಗುತ್ತದೆ. ಒಮ್ಮೆ ಪ್ರಾಣಿಯ ಮೈ ಸೇರಿತೆಂದರೆ ಹೊರಗೆ ಹೋಗುವುದು ಕಷ್ಟ. ೧೯೬೬ರಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಸೋರೆನ್ ಯೆನ್ಸೆನ್, ಡಿ.ಡಿ.ಟಿ.ಯನ್ನು ಹುಡುಕುತ್ತಿದ್ದವರು, ಮೀನಿನಲ್ಲಿ, ಹದ್ದಿನಲ್ಲಿ, ಕಡೆಗೆ ತಮ್ಮ ಮನೆಯವರ ಕೂದಲಿನಲ್ಲಿಯೂ ಇದನ್ನು ಕಂಡು ಲೋಕಕ್ಕೆ ತಿಳಿಸಿದರು. ಕರಡಿ ದ್ವೀಪದಲ್ಲಿ ‘ಗ್ಲಾಕಸ್ ಗಲ್’ ಎಂಬ ದೊಡ್ಡ ಬಿಳಿಯ ಕಡಲಹಕ್ಕಿಗಳು ಸಾಯುತ್ತಿರುವುದನ್ನೂ, ಅವುಗಳ ಮೈಯಲ್ಲಿ ಪಿ.ಸಿ.ಬಿ. ತುಂಬಿರುವುದನ್ನೂ ಬ್ರಿಟನ್ನಿನ ಬೋರ್ನ್ ಮತ್ತು ಬೋಗನ್ ಎಂಬಿಬ್ಬರು ೧೯೭೨ರಲ್ಲಿ ವರದಿ ಮಾಡಿದರು.

ಗ್ಲಾಕಸ್ ಗಲ್ಲಿನ ಚೌಕ ಎಲ್ಟನ್ನರ ಚಿತ್ರದಲ್ಲಿ ಇದೆ. ಇತರ ಹಕ್ಕಿಗಳ ಮೊಟ್ಟೆಯನ್ನೂ ಮರಿಯನ್ನೂ ತಿಂದು ಬದುಕುವುದರಿಂದ ಅದರ ಸ್ಥಾನ ಗೋಪುರದ ತುದಿಯಲ್ಲಿ. ಕಡಲಿನ ಸೂಕ್ಷ್ಮಜೀವಿಯಲ್ಲಿ ಕಣವಾಗಿದ್ದ ವಿಷ ಮೀನಿನಲ್ಲಿ ಗುಂಜಿಯಾಗಿ, ಮೀನು ತಿಂದ ಹಕ್ಕಿಯಲ್ಲಿ ತೊಲವಾಗಿ, ಆ ಹಕ್ಕಿಯ ಮರಿಯನ್ನು ನುಂಗಿದ ಗಲ್ಲಿನ ಕೊಬ್ಬಿನಲ್ಲಿ ಸೇರಾಗುತ್ತದೆ. ಈ ತೂಕಗಳು ನನ್ನವು, ಬರಿಯ ಹೋಲಿಕೆಗೆ. ಮೇಲೆ ಹೋದಂತೆ ಪ್ರಾಣಿಗಳ ಸಂಖ್ಯೆ ಕಿರಿದಾಗುತ್ತದೆಂದರು ಎಲ್ಟನ್. ವಿಷ ಮೇಲೆ ಹೋದಂತೆ ಹಿರಿದಾಗುತ್ತದೆ. ಆಹಾರ ಸಿಗದ ದಿನಗಳಲ್ಲಿ ಹಕ್ಕಿಯ ಕೊಬ್ಬು ಕರಗಿದಾಗ ಅದರಲ್ಲಿ ಅಡಗಿದ್ದ ವಿಷ ರಕ್ತಕ್ಕೂ ಮೆದುಳಿಗೂ ಇಳಿಯುತ್ತದೆ. ೧೯೮೬ರಿಂದ ಮುಂದಿನ ಎರಡು ದಶಕಗಳಲ್ಲಿ ದ್ವೀಪದ ಗ್ಲಾಕಸ್ ಗಲ್ಲುಗಳು ಅರ್ಧಕ್ಕೂ ಕಡಮೆಯಾದವು. ಎಲ್ಲವೂ ವಿಷದಿಂದಲೇ ಎಂದು ಹೇಳುವುದು ನ್ಯಾಯವಲ್ಲ. ಹಸಿವೂ ಹಕ್ಕಿಗಳನ್ನು ಕೊಲ್ಲುತ್ತದೆ. ೧೯೮೬-೮೭ರ ಒಂದೇ ಚಳಿಗಾಲದಲ್ಲಿ, ಕಾಪೆಲಿನ್ ಎಂಬ ಮೀನು ಕಡಲಿನಲ್ಲಿ ಕುಸಿದುಹೋದಾಗ, ದ್ವೀಪದ ಸಾಮಾನ್ಯ ಗಿಲ್ಲಿಮಾಟ್ ಹಕ್ಕಿಗಳಲ್ಲಿ ಶೇಕಡಾ ೮೫ರಷ್ಟು ಇಲ್ಲವಾದವು. ಅವು ಆಮೇಲೆ ನಿಧಾನವಾಗಿ ಚೇತರಿಸಿಕೊಂಡವು.

ನನ್ನನ್ನು ಹೆಚ್ಚು ಕಾಡಿದ್ದು ಹಕ್ಕಿಯ ಸಾವಿಗಿಂತ ಒಂದು ಕೆರೆಯ ನೀರು. ದ್ವೀಪದ ದಕ್ಷಿಣದಲ್ಲಿ, ಬಂಡೆಗಳ ಬಳಿ, ಎಲ್ಲಾಶೋಯೆನ್ ಎಂಬ ಕೆರೆಯಿದೆ. ಆಳ ಮೂವತ್ತು ಮೀಟರಿಗೂ ಮಿಕ್ಕಿದ್ದು. ಅದರಲ್ಲಿ ‘ಚಾರ್’ ಎಂಬ ಮೀನು ಇದೆ. ಕಡಲಿಗೆ ಹೋಗದೆ ಕೆರೆಯಲ್ಲೇ ಹುಟ್ಟಿ ಕೆರೆಯಲ್ಲೇ ಸಾಯುವ ಮೀನು. ನೋಡಲು ತಿಳಿನೀರು. ಸುತ್ತ ಕಾರ್ಖಾನೆಯಿಲ್ಲ, ಊರಿಲ್ಲ. ಇಡೀ ದ್ವೀಪದಲ್ಲಿ ವಾಸವಿರುವವರೆಂದರೆ ಉತ್ತರದ ತೀರದ ಹವಾಮಾನ ಠಾಣೆಯ ಹತ್ತು ಜನಕ್ಕೂ ಕಡಮೆಯಾದ ಸಿಬ್ಬಂದಿ. ಹೀಗಿದ್ದೂ ನಾರ್ವೆಯ ವಿಜ್ಞಾನಿಗಳು ೧೯೯೦ರ ದಶಕದಲ್ಲಿ ಈ ಕೆರೆಯ ಮೀನನ್ನೂ ತಳದ ಕೆಸರನ್ನೂ ಪರೀಕ್ಷಿಸಿದಾಗ, ಪಿ.ಸಿ.ಬಿ.ಯ ಪ್ರಮಾಣ ಕಂಡು ಬೆರಗಾದರು. ಕೆಲವೇ ಕಿಲೋಮೀಟರು ಉತ್ತರಕ್ಕೆ ಓಯಾಂಗೆನ್ ಎಂಬ ಇನ್ನೊಂದು ಕೆರೆ. ಅದರಲ್ಲಿಯೂ ಅದೇ ಜಾತಿಯ ಮೀನು, ಮೇಲೆ ಅದೇ ಆಕಾಶ. ಅಲ್ಲಿ ವಿಷ ಬಹಳ ಕಡಮೆ. ಗಾಳಿಯಲ್ಲಿ ಬಂದ ವಿಷವಾದರೆ ಎರಡು ಕೆರೆಗೂ ಬೀಳಬೇಕಲ್ಲ?

ವ್ಯತ್ಯಾಸ ಒಂದೇ. ದಕ್ಷಿಣದ ಕೆರೆಗೆ ಕಿಟಿವೇಕ್ ಮೊದಲಾದ ಕಡಲಹಕ್ಕಿಗಳು ಗುಂಪುಗುಂಪಾಗಿ ಬಂದು ಮೀಯುತ್ತವೆ, ತೇಲುತ್ತ ವಿಶ್ರಮಿಸುತ್ತವೆ. ಉತ್ತರದ ಕೆರೆಗೆ ಹಾಗೆ ಬರುವುದಿಲ್ಲ. ಅನಿತಾ ಎವೆನ್‌ಸೆಟ್ ಮತ್ತು ಅವರ ಜೊತೆಗಾರರು ಹಕ್ಕಿಗಳ ಹಿಕ್ಕೆಯನ್ನು ಆಯ್ದು, ಅಳೆದು, ೨೦೦೭ರಲ್ಲಿ ಲೆಕ್ಕ ಮುಂದಿಟ್ಟರು: ಎಲ್ಲಾಶೋಯೆನ್ ಕೆರೆಯಲ್ಲಿರುವ ಈ ವಿಷಗಳಲ್ಲಿ ಸುಮಾರು ಶೇಕಡಾ ೮೦ ಪಾಲು ಹಿಕ್ಕೆಯ ಮೂಲಕ ಬಂದದ್ದು. ಸಾಕ್ಷಿಯಾಗಿ ಅವರು ಹಿಡಿದದ್ದು ಯಾವುದನ್ನು? ಸಾರಜನಕವನ್ನೇ. ಸಾರಜನಕದಲ್ಲಿ ಹಗುರವಾದದ್ದೂ ಭಾರವಾದದ್ದೂ ಎಂದು ಎರಡು ಬಗೆಯ ಪರಮಾಣುಗಳಿವೆ. ಸರಪಳಿಯ ಒಂದೊಂದು ಕೊಂಡಿ ಮೇಲೇರಿದಂತೆ ಭಾರವಾದದ್ದರ ಪಾಲು ಹೆಚ್ಚುತ್ತದೆ. ಮೀನು ತಿನ್ನುವ ಹಕ್ಕಿಯ ಹಿಕ್ಕೆಯಲ್ಲಿ ಅದು ಎದ್ದು ಕಾಣುತ್ತದೆ; ಹಿಕ್ಕೆ ಬಿದ್ದ ನೀರಿನ ಹುಳುವಿನಲ್ಲಿ, ಮೀನಿನಲ್ಲಿ ಅದೇ ಗುರುತು ಮುಂದುವರಿಯುತ್ತದೆ. ಎಲ್ಲಾಶೋಯೆನ್ನಿನ ಜೀವಿಗಳಲ್ಲಿ ಆ ಗುರುತು ಸ್ಪಷ್ಟವಾಗಿತ್ತು, ಓಯಾಂಗೆನ್ನಿನಲ್ಲಿ ಇರಲಿಲ್ಲ. ಕಡಲಿನಿಂದ ಹಕ್ಕಿಗೆ, ಹಕ್ಕಿಯಿಂದ ಹಿಕ್ಕೆಗೆ, ಹಿಕ್ಕೆಯಿಂದ ನೆಲಕ್ಕೂ ನೀರಿಗೂ ಎಂದು ೧೯೨೧ರಲ್ಲಿ ಇಬ್ಬರು ತರುಣರು ಗುರುತುಹಾಕಿಕೊಂಡ ದಾರಿ ಇದೇ. ಅವರು ಆ ದಾರಿಯಲ್ಲಿ ಕಂಡದ್ದು ಅನ್ನವನ್ನು. ಈ ವಿಷ ಕಾರ್ಖಾನೆಯಿಂದ ಪೇಟೆಗೆ ಬರಲು ಆಗ ಇನ್ನೂ ಎಂಟು ವರ್ಷವಿತ್ತು.

ಇಂಥ ಕೆಲಸಕ್ಕೆ ಏನು ಪ್ರಯೋಜನವೆಂದು ಆಗ ಕೇಳಿದ್ದರೆ ಎಲ್ಟನ್ ಏನು ಉತ್ತರ ಕೊಡುತ್ತಿದ್ದರೋ ತಿಳಿಯದು. ನರಿ ಏನು ತಿನ್ನುತ್ತದೆ, ಹಕ್ಕಿ ಎಲ್ಲಿ ಹಿಕ್ಕೆ ಹಾಕುತ್ತದೆ ಎಂದು ಚಳಿಯಲ್ಲಿ ಒದ್ದೆಬಟ್ಟೆಯಲ್ಲಿ ಕುಳಿತು ಬರೆಯುವವರನ್ನು ಕಂಡು ಟುನ್‌ಹೈಮಿನ ಗಣಿಯವರು ನಕ್ಕಿರಲೂಬಹುದು. ಆದರೆ ಗಣಿ ನಾಲ್ಕು ವರ್ಷದಲ್ಲಿ ಮುಚ್ಚಿತು; ಚಿತ್ರ ಎಂಬತ್ತು ವರ್ಷದ ಮೇಲೂ ಕೆಲಸಕ್ಕೆ ಬಂತು.

ಇದು ದೂರದ ಯಾರದೋ ನೆಲವೆಂದು ನಾವು ಸುಮ್ಮನಿರುವ ಹಾಗೂ ಇಲ್ಲ. ಸ್ಪಿಟ್ಸ್‌ಬರ್ಗೆನ್ನಿನ ಜೊತೆಗೆ ಕರಡಿ ದ್ವೀಪದ ಒಡೆತನವನ್ನೂ ನಾರ್ವೆಗೆ ಒಪ್ಪಿಸಿದ ೧೯೨೦ರ ಪ್ಯಾರಿಸ್ ಒಪ್ಪಂದದಲ್ಲಿ ಆಗಿನ ಬ್ರಿಟಿಷ್ ಭಾರತವೂ ಸೇರಿತ್ತು. ಆ ಒಪ್ಪಂದದ ದೇಶಗಳಲ್ಲಿ ನಾವು ಇಂದಿಗೂ ಒಬ್ಬರು. ಸ್ಪಿಟ್ಸ್‌ಬರ್ಗೆನ್ನಿನ ನ್ಯೂ-ಆಲೆಸುಂಡ್‌ನಲ್ಲಿ ೨೦೦೮ರಿಂದ ‘ಹಿಮಾದ್ರಿ’ ಎಂಬ ನಮ್ಮ ಸಂಶೋಧನಾ ಠಾಣೆಯಿದೆ. ಪಿ.ಸಿ.ಬಿ. ಮೊದಲಾದ ನಾಶವಾಗದ ವಿಷಗಳನ್ನು ಕೈಬಿಡಲು ೨೦೦೧ರಲ್ಲಿ ಸ್ಟಾಕ್‌ಹೋಮಿನಲ್ಲಿ ಆದ ಒಪ್ಪಂದವನ್ನು ಭಾರತ ೨೦೦೬ರಲ್ಲಿ ಅಂಗೀಕರಿಸಿತು. ೨೦೧೬ರಲ್ಲಿ ಸರ್ಕಾರ ಇದರ ತಯಾರಿಕೆಯನ್ನೂ ಆಮದನ್ನೂ ನಿಷೇಧಿಸಿತು. ಉತ್ತರದ ಪ್ರಾಣಿಗಳ ಮೈಯಲ್ಲಿ ಈ ವಿಷ ೧೯೯೦ರ ದಶಕದಿಂದೀಚೆಗೆ ಇಳಿಯುತ್ತ ಬಂದಿದೆಯೆಂದು ಅಳತೆಗಳು ತೋರಿಸುತ್ತವೆ. ಇಳಿಯುವುದು ನಿಧಾನ, ಏಕೆಂದರೆ ಆ ಪದಾರ್ಥವೇ ಹಾಗೆ.

೨೦೦೨ರಲ್ಲಿ ನಾರ್ವೆ ಸರ್ಕಾರ ಕರಡಿ ದ್ವೀಪದ ಬಹುತೇಕ ಭಾಗವನ್ನೂ ಸುತ್ತಲಿನ ಕಡಲನ್ನೂ ರಕ್ಷಿತ ಪ್ರದೇಶವೆಂದು ಸಾರಿತು. ಸಮ್ಮರ್‌ಹೇಸ್ ಮುಂದೆ ಕ್ಯೂ ಉದ್ಯಾನದಲ್ಲಿ ಆರ್ಕಿಡ್ ಹೂಗಳ ಪಂಡಿತರಾಗಿ ಹೆಸರು ಪಡೆದು ೧೯೭೪ರಲ್ಲಿ ತೀರಿಕೊಂಡರು. ಎಲ್ಟನ್ ಆಕ್ಸ್‌ಫರ್ಡಿನಲ್ಲಿ ೧೯೩೨ರಿಂದ ೧೯೬೭ರವರೆಗೆ ಪ್ರಾಣಿಸಂಖ್ಯೆಯ ಅಧ್ಯಯನ ಕೇಂದ್ರವನ್ನು ನಡೆಸಿ, ೧೯೯೧ರ ಮೇ ತಿಂಗಳ ಮೊದಲನೆಯ ದಿನ ಕಾಲವಾದರು. ಗ್ಲಾಕಸ್ ಗಲ್ಲುಗಳ ಸಾವಿನ ವರದಿ ಬಂದದ್ದು ಅವರು ಬದುಕಿರುವಾಗ. ಕೆರೆಯ ಲೆಕ್ಕವನ್ನು ಅವರು ನೋಡಲಿಲ್ಲ.